ಪೆಲೆಟ್ ವೇಗ ಅಳೆಯಲು ಕ್ರೋನೋಗ್ರಾಫ್ ಹೂಡುವುದು ಹೇಗೆ, ಅದರ ಅಂಕಿಯನ್ನು ನಂಬುವುದು ಯಾವಾಗ

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇನೆ. 0.177 ಇಂಚಿನ ಪಿಸಿಪಿ ರೈಫಲ್ (ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹಾರಿಸುವಂಥದ್ದು), 0.53 ಗ್ರಾಂ ತೂಕದ ಚಪ್ಪಟೆ ಮೂತಿಯ ಸೀಸದ ಪೆಲೆಟ್. ಎರಡು ಸೆನ್ಸರಿನ ಆಪ್ಟಿಕಲ್ ಕ್ರೋನೋಗ್ರಾಫ್ ತರಿಸಿದ್ದೇನೆ. ಬೆಳಿಗ್ಗೆ ಬ್ಯಾರೆಲ್ ತುದಿಯಿಂದ ಎರಡು ಮೀಟರ್ ದೂರದಲ್ಲಿಟ್ಟಾಗ ಸೆಕೆಂಡಿಗೆ 171, 173, 172 ಮೀಟರ್ ಬಂತು. ಮಧ್ಯಾಹ್ನ ಬಿಸಿಲು ಜೋರಾಯಿತೆಂದು ಮೆಟ್ಟಿಲ ಕೋಣೆಯ ನೆರಳಿಗೆ, ಬ್ಯಾರೆಲ್‌ನಿಂದ ಅರ್ಧ ಮೀಟರಿಗೆ ಸರಿಸಿದೆ. ಆಗ 169, 176, 95, 351, ನಡುನಡುವೆ ಎರರ್. ಯಂತ್ರ ಕೆಟ್ಟಿದೆಯೇ? ಯಾವ ಅಂಕಿ ನಿಜ?

ಉತ್ತರ: ಯಂತ್ರ ಕೆಟ್ಟಿಲ್ಲ. ಬೆಳಗಿನ ಅಂಕಿಗಳು ಸರಿಯಿರುವ ಸಾಧ್ಯತೆ ಹೆಚ್ಚು. ಮಧ್ಯಾಹ್ನದ ಅಂಕಿಗಳು ತಪ್ಪು, ಆದರೆ ಪ್ರತಿಯೊಂದೂ ತಾನು ಯಾಕೆ ತಪ್ಪಿದೆ ಎಂದು ಹೇಳುತ್ತಿದೆ. ಅದನ್ನು ಓದುವುದು ಗೊತ್ತಾದರೆ ಹೂಡುವುದು ತಾನಾಗಿ ತಿಳಿಯುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಈ ಪೆಟ್ಟಿಗೆಗೆ ವೇಗ ಏನೆಂದು ಗೊತ್ತಿಲ್ಲ. ಅದಕ್ಕೆ ಎರಡು ಕಣ್ಣುಗಳಿವೆ. ಮೊದಲ ಕಣ್ಣಿನ ಮೇಲೆ ನೆರಳು ಹಾದಾಗ ಗಡಿಯಾರ ಓಡಲು ಶುರು, ಎರಡನೆಯದರ ಮೇಲೆ ಹಾದಾಗ ನಿಲ್ಲುತ್ತದೆ. ಕಣ್ಣುಗಳ ನಡುವಿನ ಅಂತರ ಬಹಳಷ್ಟು ಮಾದರಿಗಳಲ್ಲಿ ಒಂದು ಅಡಿ, ಅಂದರೆ 304.8 ಮಿಲಿಮೀಟರ್. ಆ ಅಂತರವನ್ನು ಸಮಯದಿಂದ ಭಾಗಿಸಿ ಪರದೆಗೆ ಬರೆಯುತ್ತದೆ, ಅಷ್ಟೇ. 172ರ ವೇಗದ ಪೆಲೆಟ್ ಈ ಅಡಿಯನ್ನು 1.77 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಗಡಿಯಾರದ ಹರಳು ತಪ್ಪುವುದು ತೀರ ಅಪರೂಪ. ತಪ್ಪುವುದು ಎರಡೇ: ಪೆಲೆಟ್ ನಿಜವಾಗಿ ದಾಟಿದ ದೂರ, ಮತ್ತು ಕಣ್ಣುಗಳು ಎಚ್ಚೆತ್ತ ಕ್ಷಣ.

ಈಗ ನಿಮ್ಮ 351. ಬಿಸಿಲುಹೊತ್ತಿನಲ್ಲಿ, ಸುಮಾರು 33 ಡಿಗ್ರಿಯಲ್ಲಿ, ಸದ್ದಿನ ವೇಗ ಸೆಕೆಂಡಿಗೆ 351 ಮೀಟರ್. ಬ್ಯಾರೆಲ್ ಬಾಯಿಂದ ಹೊರಬಿದ್ದ ಗಾಳಿಯ ಹೊಡೆತ ಪೆಲೆಟ್‌ಗಿಂತ ಮುಂಚೆ ಓಡಿಬಂದು ಎರಡೂ ಕಣ್ಣುಗಳನ್ನು ಎಚ್ಚರಿಸಿದೆ. ನೀವು ಅಳೆದದ್ದು ಸದ್ದನ್ನು. ಏರ್ ರೈಫಲ್‌ನಲ್ಲಿ 340ರಿಂದ 360ರ ನಡುವಿನ ಯಾವ ಅಂಕಿ ಬಂದರೂ ಮೊದಲ ಅನುಮಾನ ಇದೇ ಆಗಿರಲಿ.

95 ಇನ್ನೂ ಸ್ವಾರಸ್ಯದ್ದು. ಮೊದಲ ಕಣ್ಣನ್ನು ಗಾಳಿಹೊಡೆತ ಎಬ್ಬಿಸಿ, ಎರಡನೆಯದನ್ನು ಪೆಲೆಟ್ ನಿಲ್ಲಿಸಿದರೆ ಏನಾಗುತ್ತದೆ ಲೆಕ್ಕ ಹಾಕಿ. ಅರ್ಧ ಮೀಟರ್ ದೂರದ ಮೊದಲ ಕಣ್ಣಿಗೆ ಹೊಡೆತ ತಲುಪುವುದು 1.42 ಮಿಲಿಸೆಕೆಂಡಿಗೆ. ಪೆಲೆಟ್ ಎರಡನೆಯ ಕಣ್ಣು ತಲುಪುವುದು 4.68 ಮಿಲಿಸೆಕೆಂಡಿಗೆ. ವ್ಯತ್ಯಾಸ ಸುಮಾರು 3.25. ಒಂದು ಅಡಿಯನ್ನು ಅದರಿಂದ ಭಾಗಿಸಿದರೆ 94. ನಿಮಗೆ ಬಂದದ್ದು 95. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

169 ಮತ್ತು 176 ಬೇರೆ ಜಾತಿಯ ತಪ್ಪು. ಪೆಲೆಟ್ ಸುಮಾರು 6 ಮಿಲಿಮೀಟರ್ ಉದ್ದ. ಬೆಳಕು ಸಮ ಇಲ್ಲದಿದ್ದರೆ ಒಂದು ಕಣ್ಣು ಪೆಲೆಟ್‌ನ ಮೂತಿಗೇ ಎಚ್ಚರಗೊಳ್ಳುತ್ತದೆ, ಇನ್ನೊಂದು ಬಾಲ ಹಾದುಹೋಗುವಾಗ. ಆಗ ದೂರದಲ್ಲಿ 6 ಮಿಲಿಮೀಟರ್‌ವರೆಗೆ ಹೆಚ್ಚುಕಡಿಮೆ, ಅಂದರೆ ಶೇಕಡಾ 2. 172ರ ಶೇಕಡಾ 2 ಎಂದರೆ ಮೂರೂವರೆ. ನಿಮ್ಮ 169 ಆ ಮಿತಿಯೊಳಗಿದೆ, 176 ಅದರ ಅಂಚಿನಲ್ಲಿದೆ. ಇದನ್ನು ನೆನಪಿಡಿ: ಅಂಕಿ ಶೇಕಡಾ 2ರೊಳಗೆ ಕುಣಿದರೆ ಬೆಳಕನ್ನು ನೋಡಿ, ಅದನ್ನು ಮೀರಿ ಹಾರಿದರೆ ಗಾಳಿಹೊಡೆತ, ಅದುರುವಿಕೆ ಅಥವಾ ಬ್ಯಾಟರಿಯನ್ನು ನೋಡಿ. ಇವೆಲ್ಲ ಸರಿಯಿದ್ದೂ ಕುಣಿದರೆ ಮಾತ್ರ ರೈಫಲ್ ಕಡೆ ತಿರುಗಬೇಕು. ರೆಗ್ಯುಲೇಟರ್ (ಪ್ರತಿ ಗುಂಡಿಗೂ ಗಾಳಿಯ ಒತ್ತಡವನ್ನು ಒಂದೇ ಸಮ ಇಡುವ ಭಾಗ) ಬಿಚ್ಚಲು ಸ್ಕ್ರೂ ಡ್ರೈವರ್ ಹಿಡಿಯುವ ಮುನ್ನ ಈ ಸಾಲು ದಾಟಿ ಬನ್ನಿ.

ಮಧ್ಯಾಹ್ನ ನೀವು ಬೆಳಕು, ದೂರ ಎರಡನ್ನೂ ಒಮ್ಮೆಗೇ ಬದಲಿಸಿದ್ದರಿಂದ ಎರಡು ಬಗೆಯ ತಪ್ಪು ಒಂದರ ಮೇಲೊಂದು ಬಿದ್ದವು. ಮುಂದೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ದೂರದ ವಿಷಯ ಚಿಕ್ಕದು. ಪಿಸಿಪಿಗೆ ಬ್ಯಾರೆಲ್ ತುದಿಯಿಂದ ಮೊದಲ ಕಣ್ಣಿಗೆ ಒಂದೂವರೆಯಿಂದ ಎರಡು ಮೀಟರ್. ಸ್ಪ್ರಿಂಗ್ ರೈಫಲ್‌ಗೆ ಒಂದು ಮೀಟರ್ ಸಾಕು, ಅದರ ಗಾಳಿ ಕಡಿಮೆ. ಜಾಗ ಸಾಲದಿದ್ದರೆ ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, 8 ಸೆಂಟಿಮೀಟರ್ ತೂತು ಕೊರೆದು ಅದರೊಳಗಿಂದ ಹಾರಿಸಿ. ಹಲಗೆ ಗಾಳಿಯನ್ನು ತಡೆಯುತ್ತದೆ, ಪೆಲೆಟ್ ದಾಟುತ್ತದೆ. ಹಲಗೆಯ ಬುಡ ಟ್ರೈಪಾಡಿಗೆ ತಾಗದಿರಲಿ.

ಹೊಂದಿಸುವಾಗ ಬಹಳ ಜನ ಉಲ್ಟಾ ಮಾಡುತ್ತಾರೆ: ಮೊದಲು ಕ್ರೋನೋಗ್ರಾಫ್ ನಿಲ್ಲಿಸಿ, ಆಮೇಲೆ ಅದರ ಮೇಲೆ ರೈಫಲ್ ತಿರುಗಿಸುತ್ತಾರೆ. ರೈಫಲ್ ಮತ್ತು ಗುರಿ ಮೊದಲು ನಿಲ್ಲಬೇಕು. ಉಸುಕು ತುಂಬಿದ ಎರಡು ಚೀಲಗಳ ಮೇಲೆ ಖಾಲಿ ರೈಫಲ್ ಇಟ್ಟು, ಬೋಲ್ಟ್ ತೆರೆದು, ಗುರಿಯ ನಡುವಿಗೆ ಹಿಡಿದು ಬಿಡಿ. ಬ್ಯಾರೆಲ್ ಬಾಯಿಯಿಂದ ಗುರಿಯವರೆಗೆ ಒಂದು ದಾರ ಬಿಗಿಯಾಗಿ ಕಟ್ಟಿ. ಗೌಂಡಿಗಳು ಗೋಡೆ ಏರಿಸುವಾಗ ಹಿಡಿಯುವ ನೈಲಾನ್ ದಾರ ಚೆನ್ನಾಗಿ ನಿಲ್ಲುತ್ತದೆ. ಈಗ ಕ್ರೋನೋಗ್ರಾಫ್ ತಂದು ಆ ದಾರದ ಕೆಳಗೆ ಕೂಡಿಸಿ. ದಾರ ಎರಡೂ ಕಣ್ಣುಗಳ ನೇರ ಮೇಲೆ ಹಾಯಬೇಕು, ಎರಡೂ ಕಡೆ ಒಂದೇ ಎತ್ತರದಲ್ಲಿರಬೇಕು. ಸ್ಕೇಲ್ ಹಿಡಿದು ಅಳೆಯಿರಿ, ಕಣ್ಣಳತೆ ಬೇಡ. ಸ್ಪಿರಿಟ್ ಲೆವೆಲ್ ಇಲ್ಲಿ ಮುಖ್ಯವಲ್ಲ. ಪೆಟ್ಟಿಗೆ ನೆಲಕ್ಕಲ್ಲ, ಪೆಲೆಟ್‌ನ ದಾರಿಗೆ ಸಮಾಂತರವಾಗಿರಬೇಕು. ಹೊಂದಿಸಿದ ಮೇಲೆ ದಾರ ಬಿಚ್ಚುವುದನ್ನು ಮರೆಯಬೇಡಿ.

ಓರೆಯಾದರೆ ಎಷ್ಟು ತಪ್ಪು? 3 ಡಿಗ್ರಿಗೆ ಶೇಕಡಾ 0.14, 5 ಡಿಗ್ರಿಗೆ 0.38, 10 ಡಿಗ್ರಿಗೆ 1.5. ಓರೆಯಾದ ದಾರಿ ಉದ್ದ, ಸಮಯ ಹೆಚ್ಚು, ಆದ್ದರಿಂದ ಅಂಕಿ ಯಾವಾಗಲೂ ಕೆಳಗೇ ಬರುತ್ತದೆ. 5 ಡಿಗ್ರಿಯೊಳಗೆ ಇದ್ದರೆ ಚಿಂತೆ ಬೇಡ. ಇದಕ್ಕಿಂತ ದೊಡ್ಡ ಕಳ್ಳ ಮಡಚುವ ಮಾದರಿಗಳ ಕೀಲಿನಲ್ಲಿದೆ. ಪೆಟ್ಟಿಗೆ ಪೂರ್ತಿ ಬಿಚ್ಚದೆ ಸ್ವಲ್ಪ ಬಾಗಿ ನಿಂತರೆ ಎರಡು ಕಣ್ಣುಗಳ ನೋಟ ಮೇಲೆ ಹೋಗುತ್ತಾ ಒಂದನ್ನೊಂದು ಸಮೀಪಿಸುತ್ತದೆ ಅಥವಾ ದೂರ ಸರಿಯುತ್ತದೆ. ಆಗ ಪೆಲೆಟ್ ಎಷ್ಟು ಎತ್ತರದಲ್ಲಿ ಹಾಯಿತು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಒಂದು ಮಿಲಿಮೀಟರ್ ಅಂತರ ತಪ್ಪಿದರೆ ಶೇಕಡಾ 0.33. ಕೀಲು ಸಡಿಲವಿದ್ದರೆ ಕೆಳಗೆ ನೇರವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಇಟ್ಟು ಬಿಗಿದುಬಿಡಿ.

ಎತ್ತರ: 0.177ರ ಪೆಲೆಟ್ ಚಿಕ್ಕದು, ಮೇಲೆ ಹೋದಷ್ಟೂ ಅದರ ನೆರಳು ತೆಳುವಾಗುತ್ತದೆ. ಕಣ್ಣಿನಿಂದ 10ರಿಂದ 12 ಸೆಂಟಿಮೀಟರ್ ಮೇಲೆ ಹಾಯಿಸಿ. ಇಲ್ಲೊಂದು ಎಚ್ಚರಿಕೆ. ನಿಮ್ಮ ಟೆಲಿಸ್ಕೋಪ್ ಅಥವಾ ಡಯಾಪ್ಟರ್ (ಗುರಿ ನೋಡುವ ಸಣ್ಣ ತೂತಿನ ಸಾಧನ) ಬ್ಯಾರೆಲ್‌ಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿದೆ. ನೋಟಕ್ಕೆ ದಾರಿ ತೆರವಾಗಿ ಕಂಡರೂ ಪೆಲೆಟ್ ಅದರ ಕೆಳಗೆ ಹೊರಡುತ್ತದೆ. ಸೆನ್ಸರಿಗೆ ಗುಂಡು ತಗುಲಿಸಿ ಯಂತ್ರ ಒಡೆದುಕೊಂಡವರಲ್ಲಿ ಬಹುಪಾಲು ಜನ ಎಡವಿದ್ದು ಇಲ್ಲೇ. ಪೆಟ್ಟಿಗೆಯ ಮುಂಭಾಗಕ್ಕೆ 12 ಮಿಲಿಮೀಟರ್ ಪ್ಲೈವುಡ್ ತುಂಡೊಂದನ್ನು ಕಾವಲಿಗೆ ಕಟ್ಟಿ.

ಬೆಳಕಿನ ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಭಾಗದಲ್ಲಿ ಕ್ರೋನೋಗ್ರಾಫ್ ಕೆಡಿಸುವುದು ಮುಖ್ಯವಾಗಿ ಅದೇ. ಆಪ್ಟಿಕಲ್ ಕಣ್ಣಿಗೆ ಬೇಕಾದದ್ದು ಪ್ರಖರತೆಯಲ್ಲ, ಹರಡಿದ ಸಮನಾದ ಬೆಳಕು. ಬೆಳಗಾವಿಯ ಕಡೆ ಮಳೆಗಾಲದ ತೆಳು ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು. ಬಾಗಲಕೋಟೆ, ವಿಜಯಪುರದ ಬೇಸಿಗೆ ಅದಕ್ಕೆ ತದ್ವಿರುದ್ಧ. ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಆಸುಪಾಸು ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಬಿಸಿಲು ನೇರ ಸೆನ್ಸರಿನ ಸೀಳಿನೊಳಗೆ ಇಳಿಯುತ್ತದೆ. ಕಣ್ಣು ತುಂಬಿಹೋಗಿ ಪೆಲೆಟ್‌ನ ನೆರಳು ಅದಕ್ಕೆ ತಿಳಿಯುವುದೇ ಇಲ್ಲ. ಬಿಳಿ ಡಿಫ್ಯೂಸರ್, ಅಂದರೆ ಕಣ್ಣುಗಳ ಮೇಲೆ ನಿಲ್ಲಿಸಿ ಬೆಳಕು ಹರಡುವ ಹಾಳೆ, ಹಾಕಲೇಬೇಕಾದ ಹೊತ್ತು ಅದು. ಬೆಳಿಗ್ಗೆ, ಸಂಜೆ ಸೂರ್ಯ ಓರೆಯಾಗಿದ್ದಾಗ ಡಿಫ್ಯೂಸರಿನ ಕೆಳಗಿಂದ ಬಿಸಿಲು ನುಗ್ಗಿ ಪೆಲೆಟ್‌ನ ಹೊಟ್ಟೆಗೆ ಬೀಳುತ್ತದೆ. ಹೊಸ ಸೀಸ ಹೊಳೆಯುವುದರಿಂದ ನೆರಳಿನ ಬದಲು ಮಿಂಚು ಕಾಣುತ್ತದೆ, ಕಣ್ಣು ಎಚ್ಚರಗೊಳ್ಳುವುದು ತಡವಾಗುತ್ತದೆ. ಸುಣ್ಣ ಅಥವಾ ಬಿಳಿ ಕೂಲ್ ಪೇಂಟ್ ಬಳಿದ ಮಾಳಿಗೆ ಕೆಳಗಿನಿಂದ ಇದೇ ಕೇಡು ಮಾಡುತ್ತದೆ. ಟ್ರೈಪಾಡ್ ಸುತ್ತ ಒಂದು ಕರಿ ಕಂಬಳಿ ಹಾಸಿ. ಅನುಮಾನ ಉಳಿದರೆ ಐದು ಪೆಲೆಟ್‌ಗಳಿಗೆ ಕಪ್ಪು ಮಾರ್ಕರ್ ಬಳಿದು ಹಾರಿಸಿ. ಎರರ್ ನಿಂತರೆ ದೋಷ ಬೆಳಕಿನದೇ ಎಂದು ಖಾತ್ರಿ. ಅಳತೆಗೆ ಮಾತ್ರ ಬಳಿಯದ ಪೆಲೆಟ್ ಬಳಸಿ.

ಮೆಟ್ಟಿಲ ಕೋಣೆಯ ಒಳಗೆ ಟ್ಯೂಬ್‌ಲೈಟ್ ಕೆಳಗೆ ಮಾಡಿದರೆ ಇನ್ನೊಂದು ತೊಂದರೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಳೆಯ ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ನಮ್ಮ ಕಣ್ಣಿಗೆ ಕಾಣದ ಈ ಮಿಣುಕು ಸೆನ್ಸರಿಗೆ ಕಾಣುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳೂ ಅಷ್ಟೆ.

ನನ್ನ ಖಚಿತ ಸಲಹೆ: ಸೂರ್ಯನನ್ನು ನಂಬುವುದು ಬಿಟ್ಟು ಬೆಳಕಿನ ಪೆಟ್ಟಿಗೆ ಮಾಡಿಕೊಳ್ಳಿ. ವಾಷಿಂಗ್ ಮಷೀನ್ ಬರುವಂಥ ದೊಡ್ಡ ರಟ್ಟಿನ ಡಬ್ಬ ತೆಗೆದು 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರಕ್ಕೆ ಕತ್ತರಿಸಿ. ಎರಡೂ ತುದಿಗೆ 15 ಸೆಂಟಿಮೀಟರಿನ ಚೌಕ ಕಿಂಡಿ. ಒಳಗಿನ ಮೇಲ್ಭಾಗಕ್ಕೆ ಬಿಳಿ ಹಾಳೆ, ಕೆಳಭಾಗಕ್ಕೆ ಕರಿ ಹಾಳೆ. ಪ್ರತಿ ಕಣ್ಣಿನ ನೇರ ಮೇಲೆ, ಗುಂಡಿನ ದಾರಿಗೆ ಅಡ್ಡಲಾಗಿ, 30 ಸೆಂಟಿಮೀಟರಿನ 12 ವೋಲ್ಟ್ ಎಲ್‌ಇಡಿ ಪಟ್ಟಿ ಎರಡೆರಡು. ಹಳದಿ ಛಾಯೆಯ ಪಟ್ಟಿ ತನ್ನಿ. ಈ ಸೆನ್ಸರ್‌ಗಳು ಕೆಂಪು ಮತ್ತು ಅವಗೆಂಪು ಕಡೆಗೆ ಹೆಚ್ಚು ಚುರುಕು, ನೀಲಿ ಛಾಯೆಯ ಬಿಳಿ ಎಲ್‌ಇಡಿಯಲ್ಲಿ ಆ ಭಾಗ ಕಡಿಮೆ. ಪಟ್ಟಿಯ ಕೆಳಗೆ ಟ್ರೇಸಿಂಗ್ ಪೇಪರ್ ಒಂದು ಪದರ. ವಿದ್ಯುತ್ತನ್ನು ಬೈಕ್ ಅಥವಾ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯಿಂದ ಕೊಡಿ, ನಡುವೆ ಡಿಮ್ಮರ್ ಹಾಕಬೇಡಿ. ಡಿಮ್ಮರ್ ಬೆಳಕನ್ನು ಕತ್ತರಿಸಿ ಕತ್ತರಿಸಿ ಮಂಕು ಮಾಡುತ್ತದೆ, ಅದೂ ಮಿಣುಕೇ. ನಿಮ್ಮ ಮಾದರಿಗೆ ಕಂಪನಿಯದೇ ಅವಗೆಂಪು ದೀಪದ ಕಿಟ್ ಸಿಗುತ್ತಿದ್ದರೆ ಅದು ಇದಕ್ಕಿಂತ ಒಳ್ಳೆಯದು. ಡಬ್ಬ ಟ್ರೈಪಾಡ್‌ಗೆ ತಾಗದೆ ಬೇರೆ ಸ್ಟೂಲಿನ ಮೇಲೆ ನಿಲ್ಲಬೇಕು. ಮುಂಗಾರಿನ ಗಾಳಿಗೆ ಡಿಫ್ಯೂಸರ್ ಅಲುಗಾಡಿ ತಾನಾಗಿ ಅಂಕಿ ಬರುವ ಕಾಟವೂ ಇದರಿಂದ ತಪ್ಪುತ್ತದೆ.

ಹೂಡಿದ್ದಾಯಿತು. ಅಂಕಿಗಳು ಒಂದರ ಪಕ್ಕ ಒಂದು ಒಟ್ಟಾಗಿ ಬರುತ್ತಿವೆ ಎಂದರೆ ಅವು ನಿಜವೆಂದಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಸೇತುವೆ ಪ್ರತಿ ಗಾಡಿಗೂ ಒಂದೇ ಸಮ ಎರಡು ಕ್ವಿಂಟಲ್ ಕಡಿಮೆ ತೋರಿಸಿದರೆ ಅದರ ನಿಖರತೆಯಿಂದ ರೈತನಿಗೆ ಲಾಭವಿಲ್ಲ. ಹಾಗಾಗಿ ಬೇರೆ ದಾರಿಯಿಂದ ಒಮ್ಮೆ ತಾಳೆ ನೋಡಿ.

ಸುಲಭದ ದಾರಿ ಫೋನ್. ಬ್ಯಾರೆಲ್ ತುದಿಯಿಂದ ಗುರಿಯ ತಗಡಿಗೆ ಟೇಪ್ ಹಿಡಿದು ಸರಿಯಾಗಿ 10 ಮೀಟರ್ ಅಳೆಯಿರಿ. ಫೋನನ್ನು ಎರಡಕ್ಕೂ ಸಮದೂರದಲ್ಲಿ, ದಾರಿಯಿಂದ ಪಕ್ಕಕ್ಕೆ ಸರಿಸಿ ಇಡಿ. ಸಮದೂರದಲ್ಲಿ ಇಡುವುದೇ ಇದರ ಗುಟ್ಟು: ಎರಡು ಸದ್ದೂ ಫೋನ್ ತಲುಪಲು ಅಷ್ಟೇ ಹೊತ್ತು ತೆಗೆದುಕೊಳ್ಳುವುದರಿಂದ ಸದ್ದಿನ ವೇಗ ಲೆಕ್ಕದಿಂದ ಹೊರಬೀಳುತ್ತದೆ. ಧ್ವನಿಮುದ್ರಿಸಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದು ಹಾರಿದ ಸದ್ದಿಗೂ ತಗಡಿನ ಸದ್ದಿಗೂ ನಡುವಿನ ಸಮಯ ಓದಿ. ಈ ಬಗೆಯ ಪೆಲೆಟ್ ನಮ್ಮ ಗಾಳಿಯಲ್ಲಿ ಪ್ರತಿ ಮೀಟರಿಗೆ ಸುಮಾರು 2 ಮೀ/ಸೆ ವೇಗ ಕಳೆದುಕೊಳ್ಳುತ್ತದೆ. ಎರಡು ಮೀಟರಿನಲ್ಲಿ 172 ಇದ್ದರೆ ಬ್ಯಾರೆಲ್ ತುದಿಯಲ್ಲಿ 176, ಐದು ಮೀಟರಿನ ನಡುಬಿಂದುವಿನಲ್ಲಿ 166ರ ಹತ್ತಿರ. ಹತ್ತು ಮೀಟರಿಗೆ 60ರಿಂದ 61 ಮಿಲಿಸೆಕೆಂಡ್ ಬರಬೇಕು. ಕ್ರೋನೋಗ್ರಾಫ್ ಶೇಕಡಾ 5 ಹೆಚ್ಚು ತೋರಿಸುತ್ತಿದ್ದರೆ 63ಕ್ಕಿಂತ ಮೇಲೆ ಬರುತ್ತದೆ, ಅಲೆಯಲ್ಲಿ ಅದು ಸ್ಪಷ್ಟ ಕಾಣುತ್ತದೆ. ಸ್ಪ್ರಿಂಗ್ ರೈಫಲ್‌ಗೆ ಈ ವಿಧಾನ ಅಷ್ಟು ಹೊಂದುವುದಿಲ್ಲ. ಪೆಲೆಟ್ ಹೊರಬೀಳುವ ಮುನ್ನವೇ ಪಿಸ್ಟನ್ ಸದ್ದು ಮಾಡಿರುತ್ತದೆ.

ಅದಕ್ಕೆ ಹಳೆಯ ಲೋಲಕವಿದೆ, ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ವಿಧಾನ. ಮುಖಕ್ಕೆ ಪುಟ್ಟಿ ಮೆತ್ತಿದ ಕಟ್ಟಿಗೆ ತುಂಡು, ಒಟ್ಟು 500 ಗ್ರಾಂ, ಒಂದು ಮೀಟರಿನ ನಾಲ್ಕು ದಾರಗಳಿಂದ ತೂಗಲಿ. 170 ಮೀ/ಸೆ ಪೆಲೆಟ್ ಪುಟ್ಟಿಯಲ್ಲಿ ಹೂತರೆ ತುಂಡು 57 ಮಿಲಿಮೀಟರ್ ಹಿಂದೆ ಸರಿಯುತ್ತದೆ. ಒಂದು ಮಿಲಿಮೀಟರ್ ಓದುವಲ್ಲಿ ತಪ್ಪಿದರೂ ಶೇಕಡಾ 2 ಹೋಗುವುದರಿಂದ ದೊಡ್ಡ ತಪ್ಪು ಹಿಡಿಯಲು ಮಾತ್ರ ಇದು ಸಾಕು. ಗೆಳೆಯರ ಹತ್ತಿರ ಇನ್ನೊಂದು ಕ್ರೋನೋಗ್ರಾಫ್ ಇದ್ದರೆ ಎಲ್ಲಕ್ಕಿಂತ ಚೆಂದ: ಎರಡನ್ನೂ ಸಾಲಾಗಿ ಇಟ್ಟು ಹತ್ತು ಗುಂಡು, ಜಾಗ ಅದಲುಬದಲು ಮಾಡಿ ಹತ್ತು ಗುಂಡು. ಎರಡೂ ಸರದಿಯ ಸರಾಸರಿ ತೆಗೆದರೆ ನಡುವಿನ ಗಾಳಿತಡೆ ಲೆಕ್ಕದಿಂದ ಕಳೆದುಹೋಗುತ್ತದೆ, ಯಂತ್ರಗಳ ವ್ಯತ್ಯಾಸ ಉಳಿಯುತ್ತದೆ.

ಮೂರು ಗುಂಡಿನ ಸರಾಸರಿಯನ್ನು ನಂಬಬೇಡಿ. ಹತ್ತು ಬೇಕು. ಪಿಸಿಪಿಯಲ್ಲಿ ರಾತ್ರಿಯೆಲ್ಲ ಸುಮ್ಮನಿದ್ದ ರೆಗ್ಯುಲೇಟರ್ ಮೊದಲ ಗುಂಡನ್ನು ಜೋರಾಗಿ ಕಳಿಸಬಹುದು, ಆದ್ದರಿಂದ ಮೊದಲ ಎರಡನ್ನು ಬೇರೆ ಬರೆದಿಡಿ, ಅಳಿಸಬೇಡಿ. ರೆಗ್ಯುಲೇಟರ್ ಇಲ್ಲದ ಪಿಸಿಪಿಯಲ್ಲಿ ಸಿಲಿಂಡರ್ ಒತ್ತಡ ಇಳಿದಂತೆ ವೇಗ ಮೊದಲು ಏರಿ ಆಮೇಲೆ ಇಳಿಯುತ್ತದೆ, ಪ್ರತಿ ಅಂಕಿಯ ಪಕ್ಕ ಆಗಿನ ಒತ್ತಡವನ್ನೂ ಬಾರ್ ಲೆಕ್ಕದಲ್ಲಿ ಬರೆಯಿರಿ. ಎಣ್ಣೆ ಹಾಕಿದ ಸ್ಪ್ರಿಂಗ್ ರೈಫಲ್ ಆರಂಭದಲ್ಲಿ ಎಣ್ಣೆ ಸುಟ್ಟು ಹೆಚ್ಚು ವೇಗ ತೋರಿಸುತ್ತದೆ, ಹೊಗೆ ನಿಲ್ಲುವವರೆಗೆ ಅಳೆಯುವುದು ವ್ಯರ್ಥ.

ಶಕ್ತಿಯ ಲೆಕ್ಕಕ್ಕೆ ಡಬ್ಬಿಯ ಮೇಲಿನ ತೂಕ ನಂಬದೆ, ಅಕ್ಕಸಾಲಿಗರ 0.01 ಗ್ರಾಂ ತಕ್ಕಡಿಯಲ್ಲಿ 20 ಪೆಲೆಟ್ ಒಟ್ಟಿಗೆ ತೂಗಿ 20ರಿಂದ ಭಾಗಿಸಿ. 0.53 ಗ್ರಾಂ, 176 ಮೀ/ಸೆ ಎಂದರೆ 8.2 ಜೂಲ್. ಶಸ್ತ್ರಾಸ್ತ್ರ ನಿಯಮಗಳು 2016ರಲ್ಲಿ ಪರವಾನಗಿ ಬೇಡದ ಏರ್ ಗನ್‌ಗೆ 0.177 ಇಂಚು, 20 ಜೂಲ್ ಮಿತಿಯಿದೆ. ಇದೇ ಪೆಲೆಟ್ ಆ ಗೆರೆ ಮುಟ್ಟುವುದು ಸುಮಾರು 275ರಲ್ಲಿ. ವೇಗದಲ್ಲಿ ಶೇಕಡಾ 2 ತಪ್ಪಿದರೆ ಶಕ್ತಿಯಲ್ಲಿ ಶೇಕಡಾ 4 ತಪ್ಪುತ್ತದೆ, ಗೆರೆಯ ಹತ್ತಿರವಿರುವ ರೈಫಲ್ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಮಾಳಿಗೆಯಲ್ಲಿ ಮಾಡುತ್ತಿರುವುದರಿಂದ ಇದನ್ನು ಹೇಳಲೇಬೇಕು. ಕಟ್ಟೆಗೋಡೆ ತಡೆಯೆಂದು ನಂಬಿ ಹಾರಿಸಬೇಡಿ. ಉಸುಕು ತುಂಬಿದ ಪೆಟ್ಟಿಗೆ, ಅದರ ಹಿಂದೆ ಆಳೆತ್ತರದ ದಪ್ಪ ಪ್ಲೈವುಡ್ ಇರಲಿ. ತಗಡನ್ನು ನೆಟ್ಟಗೆ ನಿಲ್ಲಿಸಿದರೆ ಸೀಸ ವಾಪಸ್ ಹಾರುತ್ತದೆ, ಮೇಲ್ತುದಿ ನಿಮ್ಮ ಕಡೆಗೆ ಬಾಗುವಂತೆ 45 ಡಿಗ್ರಿ ಓರೆ ಮಾಡಿ, ಕೆಳಗೆ ಉಸುಕು. ಕನ್ನಡಕವಿಲ್ಲದೆ ಯಾರೂ ಹತ್ತಿರ ನಿಲ್ಲಬಾರದು. ಮುಗಿದ ಮೇಲೆ ಸೀಸದ ಕೈಯನ್ನು ಸಾಬೂನಿನಿಂದ ತೊಳೆದೇ ಊಟಕ್ಕೆ ಕೂಡಿ.

ಬ್ಯಾರೆಲ್ ತುದಿಗೆ ಸಿಕ್ಕಿಸುವ ಚಿಕ್ಕ ಕ್ರೋನೋಗ್ರಾಫ್‌ಗಳು ಬಿಸಿಲಿನ ಕಾಟದಿಂದ ಪಾರಾಗಿವೆ, ಆದರೆ ತೂಕ ನೇತಾಡುವುದರಿಂದ ಗುಂಡು ಬೀಳುವ ಜಾಗ ಬದಲಾಗುತ್ತದೆ. ಗುರಿಹೊಂದಿಕೆ ಮತ್ತು ವೇಗದ ಅಳತೆಯನ್ನು ಒಟ್ಟಿಗೆ ಮಾಡಬೇಡಿ. ರಾಡಾರ್ ಮಾದರಿಗಳಿಗೆ ಬೆಳಕು ಬೇಕಿಲ್ಲ, ದಾರಿಯೊಳಗೆ ಏನನ್ನೂ ಇಡಬೇಕಿಲ್ಲ. ಬೆಲೆ ಒಂದೇ ಅಡ್ಡಿ. ಅವುಗಳಲ್ಲೂ ಏರ್ ಗನ್ ಎಂಬ ಆಯ್ಕೆ ಒತ್ತದೆ ಹಾರಿಸಿದರೆ ಪೆಲೆಟ್ ಕಾಣದೇ ಹೋಗಬಹುದು.

ಮುಂದೆ ಕ್ಲಬ್ಬಿನಲ್ಲಿ ಪರವಾನಗಿಯ 0.22 ರಿಮ್‌ಫೈರ್ (ಗಾಳಿಯ ಬದಲು ಮದ್ದಿನಿಂದ ಹಾರಿಸುವ ರೈಫಲ್) ಅಳೆಯುವ ಸಂದರ್ಭ ಬಂದರೆ ಒಂದು ಬದಲಾವಣೆ ಗಮನಿಸಿ. ಅದರ ಸಾಮಾನ್ಯ ಮದ್ದಿನ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು 325 ಮೀ/ಸೆ ಆಸುಪಾಸಿನಲ್ಲಿ ಹೊರಡುತ್ತದೆ, ಜೋರು ಮದ್ದಿನದು ಸದ್ದನ್ನೂ ಮೀರುತ್ತದೆ. 350ರ ಹತ್ತಿರದ ಅಂಕಿ ಕಂಡ ಕೂಡಲೇ ಸುಳ್ಳೆಂದು ತಳ್ಳುವ ಉಪಾಯ ಅಲ್ಲಿ ನಡೆಯುವುದಿಲ್ಲ. ದೂರವನ್ನು ಮೂರು ಮೀಟರಿಗೆ ಹೆಚ್ಚಿಸಿ, ತೂತಿನ ಹಲಗೆಯನ್ನು ಕಡ್ಡಾಯವಾಗಿ ನಡುವೆ ನಿಲ್ಲಿಸಿ. ಬಳಿಕ ಕ್ರೋನೋಗ್ರಾಫ್ ಅನ್ನು ನಾಲ್ಕೂವರೆ ಮೀಟರಿಗೆ ಸರಿಸಿ ಮತ್ತೆ ಹತ್ತು ಗುಂಡು ಹಾರಿಸಿ. ಸರಾಸರಿ ಕೆಲವೇ ಮೀ/ಸೆ ಇಳಿದರೆ ಕಣ್ಣುಗಳು ಗುಂಡನ್ನೇ ನೋಡುತ್ತಿವೆ. ಸರಿಸಿದ ಕೂಡಲೇ ಅಂಕಿಗಳು ಬೇರೆ ಗುಂಪಾಗಿಬಿಟ್ಟರೆ ಮೂರು ಮೀಟರಿನವನ್ನು ಬಿಟ್ಟು ದೂರದವನ್ನೇ ಬರೆದುಕೊಳ್ಳಿ.